ನಮ್ಮ ಓಲೆ ಸ್ಪ್ಯಾಮ್‌ಗೆ ಬೀಳುತ್ತಿದೆ: ಮುಂಬೈ, ಪುಣೆ, ಗೋವಾದವರು ದಾರಿ ಹೇಳಿ

ಡೊಂಬಿವಲಿ_ಓಲೆ · ಭಾನುವಾರ ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಡೊಂಬಿವಲಿ ಪೂರ್ವದಲ್ಲಿ ನಮ್ಮದೊಂದು ಚಿಕ್ಕ ಕನ್ನಡ ಬಳಗ ಇದೆ. ಹದಿನೈದು ದಿನಕ್ಕೊಮ್ಮೆ ಮೇಲ್‌ನಲ್ಲಿ ಒಂದು ಓಲೆ ಕಳಿಸುತ್ತೇವೆ. ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ಯಾವ ನಾಟಕ, ಕಲೀನಾದ ಕನ್ನಡ ವಿಭಾಗದಲ್ಲಿ ಯಾರ ಉಪನ್ಯಾಸ, ಯಾರ ಮನೆಯಲ್ಲಿ ಹಳೆಯ ಪುಸ್ತಕ ಕೊಡುವುದಿದೆ, ಇಂಥವೇ ಸುದ್ದಿ. ಕೊನೆಯಲ್ಲಿ ಮಕ್ಕಳು ಬರೆದ ಒಂದು ಪುಟ.

ಹೋದ ತಿಂಗಳು ತಾಳಮದ್ದಳೆ ಇಟ್ಟಿದ್ದೆವು. ಭಾಗವತರು ಕುಂದಾಪುರದಿಂದ ರಾತ್ರಿಯಿಡೀ ರೈಲಿನಲ್ಲಿ ಬಂದಿದ್ದರು. ಕೇಳಲು ಬಂದವರು ಮೂವತ್ತು ಜನ. ಆಮೇಲೆ ಸಿಕ್ಕವರೆಲ್ಲ ಒಂದೇ ಮಾತು ಹೇಳಿದರು: "ನಮಗೆ ಗೊತ್ತೇ ಆಗಲಿಲ್ಲ ಅಕ್ಕ." ಅವರ ಫೋನ್ ತೆಗೆಸಿ ನೋಡಿದೆ. ಓಲೆ ಬಂದಿತ್ತು. ಸ್ಪ್ಯಾಮ್ ಫೋಲ್ಡರ್‌ನಲ್ಲಿ ಬಿದ್ದಿತ್ತು. ಹಿಂದಿನ ಓಲೆಯೂ ಅಲ್ಲೇ ಇತ್ತು. ಆ ದಿನದಿಂದ ಇದೇ ಯೋಚನೆ.

ನಾವು ಮಾಡುವ ರೀತಿ ಹೇಳುತ್ತೇನೆ. ಮೊದಲು ಬಳಗದ ಜಿಮೇಲ್ ವಿಳಾಸದಿಂದಲೇ ಬಿಸಿಸಿ (ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಹಾಗೆ) ಹಾಕಿ ಗುಂಪು ಗುಂಪಾಗಿ ಕಳಿಸುತ್ತಿದ್ದೆವು. ಜನ ಜಾಸ್ತಿ ಆದ ಮೇಲೆ ಓಲೆ ಕಳಿಸುವ ಒಂದು ಸೇವೆಗೆ ಸೇರಿಕೊಂಡೆವು. ಈಗ ಪಟ್ಟಿಯಲ್ಲಿ ಸುಮಾರು 1,900 ವಿಳಾಸ ಇವೆ. ತಪ್ಪು ಎಲ್ಲಿದೆ? ತಿಳಿದವರು ದಯವಿಟ್ಟು ಹೇಳಿ.

ಕೋಥ್ರೂಡ್_ಕನ್ನಡಿಗ · ಭಾನುವಾರ ರಾತ್ರಿ 10:35

ಅಕ್ಕ, ನಮಸ್ಕಾರ. ನಾನು ಪುಣೆಯಲ್ಲಿ ಮೇಲ್ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಮೂರು ವಿಷಯ ಗೊತ್ತಾದರೆ ಸಾಕು. ಆ ಸೇವೆಯಿಂದ ಕಳಿಸುವಾಗಲೂ "ಇಂದ" ಅನ್ನುವ ಜಾಗದಲ್ಲಿ ಅದೇ ಜಿಮೇಲ್ ವಿಳಾಸ ಇದೆಯಾ? ಆ 1,900 ವಿಳಾಸ ಎಲ್ಲಿಂದ ಬಂದವು? ಮೂರನೆಯದಕ್ಕೆ ಒಂದು ಚಿಕ್ಕ ಕೆಲಸ ಮಾಡಿ. ಸ್ಪ್ಯಾಮ್‌ಗೆ ಬಿದ್ದ ಓಲೆಯನ್ನು ಕಂಪ್ಯೂಟರ್‌ನಲ್ಲಿ ತೆರೆಯಿರಿ. ಬಲಗಡೆಯ ಮೂರು ಚುಕ್ಕೆ ಒತ್ತಿ "ಶೋ ಒರಿಜಿನಲ್" ಆರಿಸಿ. ಮೇಲುಗಡೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅಂತ ಮೂರು ಸಾಲು ಕಾಣುತ್ತವೆ. ಯಾವುದು ಪಾಸ್, ಯಾವುದು ಫೇಲ್ ಅಂತ ಇಲ್ಲಿ ಬರೆಯಿರಿ.

ಡೊಂಬಿವಲಿ_ಓಲೆ · ಸೋಮವಾರ ಬೆಳಿಗ್ಗೆ 7:15

ಹೌದು, ಅದೇ ಜಿಮೇಲ್ ವಿಳಾಸ. ಜನಕ್ಕೆ ಅದರ ಪರಿಚಯ ಇದೆ ಅಂತ ಬದಲಿಸಲಿಲ್ಲ. ಆ ಮೂರು ಸಾಲು ನೋಡಿದೆ. ಎಸ್‌ಪಿಎಫ್ ಪಾಸ್, ಡಿಕಿಮ್ ಪಾಸ್, ಡಿಮಾರ್ಕ್ ಫೇಲ್. ಎರಡು ಪಾಸಾಗಿ ಮೂರನೆಯದು ಯಾಕೆ ಫೇಲ್ ಆಗುತ್ತದೆ? ರಾತ್ರಿಯೆಲ್ಲ ತಲೆ ಕೆಡಿಸಿಕೊಂಡೆ, ಅರ್ಥ ಆಗಲಿಲ್ಲ.

ವಿಳಾಸಗಳು ಸದಸ್ಯರ ಪುಸ್ತಕದಿಂದ, ಕಾರ್ಯಕ್ರಮಗಳ ಬಾಗಿಲಲ್ಲಿ ಇಡುವ ಹಾಜರಿ ಪುಸ್ತಕದಿಂದ ಬಂದವು. ಇನ್ನೊಂದಷ್ಟು ಬೇರೆ ಸಂಘದ ಗೆಳೆಯರು ಕೊಟ್ಟದ್ದು.

ಕೋಥ್ರೂಡ್_ಕನ್ನಡಿಗ · ಸೋಮವಾರ ಬೆಳಿಗ್ಗೆ 8:40

ಅರ್ಧ ಕಾರಣ ಸಿಕ್ಕಿತು. ಅಂಚೆಯ ಕಾಗದ ಅಂತಲೇ ಇಟ್ಟುಕೊಳ್ಳಿ. ಲಕೋಟೆಯ ಮೇಲೆ ಒಂದು ಕಳಿಸಿದವರ ವಿಳಾಸ ಇರುತ್ತದೆ. ಒಳಗೆ ಕಾಗದದ ತಲೆಯಲ್ಲಿ ಇನ್ನೊಂದು ಹೆಸರು ಇರುತ್ತದೆ. ಓದುವವರಿಗೆ ಕಾಣುವುದು ಒಳಗಿನ ಹೆಸರು ಮಾತ್ರ.

ಎಸ್‌ಪಿಎಫ್ ನೋಡುವುದು ಲಕೋಟೆಯನ್ನು. ಈ ಲಕೋಟೆಯಲ್ಲಿರುವ ಡೊಮೇನ್ (ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರು) ಪರವಾಗಿ ಕಳಿಸಲು ಈ ಸರ್ವರ್‌ಗೆ ಅನುಮತಿ ಇದೆಯಾ ಅಂತ ಕೇಳುತ್ತದೆ. ಡಿಕಿಮ್ ಅಂದರೆ ಮುದ್ರೆ. ಯಾವ ಡೊಮೇನ್ ಈ ಮೇಲ್‌ಗೆ ಮುದ್ರೆ ಹಾಕಿದೆ, ದಾರಿಯಲ್ಲಿ ಯಾರಾದರೂ ತಿದ್ದಿದ್ದಾರಾ ಅಂತ ಅದು ನೋಡುತ್ತದೆ. ನಿಮ್ಮ ಓಲೆಯಲ್ಲಿ ಲಕೋಟೆಯೂ ಆ ಸೇವೆಯದ್ದೇ, ಮುದ್ರೆಯೂ ಅದರದ್ದೇ. ಅದಕ್ಕೇ ಎರಡೂ ಪಾಸ್. ಡಿಮಾರ್ಕ್ ಕೇಳುವ ಪ್ರಶ್ನೆ ಬೇರೆ. ಕಾಗದದ ತಲೆಯಲ್ಲಿರುವ ಹೆಸರು ಲಕೋಟೆಗೋ ಮುದ್ರೆಗೋ ಹೊಂದುತ್ತದಾ? ತಲೆಯಲ್ಲಿ ಜಿಮೇಲ್ ಇದೆ, ಮುದ್ರೆ ಬೇರೆಯವರದು. ಹೊಂದಲಿಲ್ಲ. ಫೇಲ್.

ನೀವು ಜಿಮೇಲ್ ಒಳಗಿಂದಲೇ ಕಳಿಸುತ್ತಿದ್ದಾಗ ಈ ತೊಂದರೆ ಇರಲಿಲ್ಲ, ಯಾಕಂದರೆ ಮುದ್ರೆ ಹಾಕುತ್ತಿದ್ದದ್ದು ಗೂಗಲ್. ಆದರೆ ಅಲ್ಲಿ ಸಾಧಾರಣ ಖಾತೆಗೆ ದಿನಕ್ಕೆ 500 ಜನರ ಮಿತಿ ಇದೆ. ಗೂಗಲ್ 2023ರ ಅಕ್ಟೋಬರ್‌ನಲ್ಲಿ ಹೊಸ ನಿಯಮ ಹೇಳಿತು, 2024ರ ಫೆಬ್ರವರಿಯಿಂದ ಜಾರಿಗೆ ತಂದಿತು. ಯಾಹೂ ಕೂಡ ಜೊತೆಗೇ ಬಂತು. ಹೊರಗಿನ ಸರ್ವರ್‌ನಿಂದ ಜಿಮೇಲ್ ಹೆಸರು ಹಾಕಿ ಕಳಿಸಬೇಡಿ ಅಂತ ಅದರಲ್ಲೇ ಹೇಳಿದೆ. ಯಾಹೂ ವಿಳಾಸಕ್ಕಂತೂ 2014ರಿಂದಲೇ ಈ ಬಾಗಿಲು ಮುಚ್ಚಿದೆ.

ಪರಿಹಾರ ಒಂದೇ. ಬಳಗಕ್ಕೆ ಸ್ವಂತ ಡೊಮೇನ್ ತೆಗೆದುಕೊಳ್ಳಿ. ಆಮೇಲೆ ಆ ಸೇವೆಯವರು ಕೊಡುವ ಡಿಕಿಮ್ ದಾಖಲೆಯನ್ನು ಡೊಮೇನ್‌ನ ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೇನ್‌ನ ವಿವರಗಳನ್ನು ಎಲ್ಲರಿಗೂ ಸಿಗುವಂತೆ ಇಡುವ ಪಟ್ಟಿಯಲ್ಲಿ, ಹಾಕಿ. ಆಗ ಮುದ್ರೆ ನಿಮ್ಮದಾಗುತ್ತದೆ. ಡಿಮಾರ್ಕ್ ದಾಖಲೆಯನ್ನೂ ಹಾಕಿ. ಮೊದಲಿಗೆ "ಪಿ=ನನ್" (p=none) ಅಂತ ಇಟ್ಟರೆ ಸಾಕು. ಅದು ಏನನ್ನೂ ತಡೆಯುವುದಿಲ್ಲ, ಸುಮ್ನೆ ನೋಡಿ ವರದಿ ಕಳಿಸುತ್ತದೆ.

ವಾಸ್ಕೋ_ವಾಸಿ · ಸೋಮವಾರ ಮಧ್ಯಾಹ್ನ 1:20

ಅಕ್ಕಾರ, ನಮ್ಮ ಅನುಭವಾನೂ ಕೇಳ್ರಿ. ನಾನು ಧಾರವಾಡದವ, ವಾಸ್ಕೋದಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ಇಲ್ಲಿ ಕೆಲಸಕ್ಕೆ ಬಂದ ನಮ್ಮ ಕಡೆಯ ಜನರಿಗೆ ರೇಷನ್ ಕಾರ್ಡು, ಶಾಲೆ ಪ್ರವೇಶ, ಊರಿಗೆ ಹೋಗುವ ಬಸ್ಸು, ಇವುಗಳ ಬಗ್ಗೆ ತಿಂಗಳಿಗೊಂದು ಮೇಲ್ ಕಳಿಸುತ್ತೇವೆ. ನಾವು ಡೊಮೇನ್ ತೆಗೆದುಕೊಂಡೆವು, ದಾಖಲೆ ಹಾಕಿದೆವು, ಆದರೂ ಎಸ್‌ಪಿಎಫ್ ಫೇಲ್ ಆಗುತ್ತಿತ್ತು.

ಕಾರಣ ಹುಡುಕಲು ಎರಡು ತಿಂಗಳು ಬೇಕಾಯಿತು. ಡೊಮೇನ್ ಕೊಂಡಾಗಲೇ ಅಲ್ಲಿ ಒಂದು ಎಸ್‌ಪಿಎಫ್ ದಾಖಲೆ ತಾನಾಗಿ ಕೂತಿತ್ತು. ನಾವು ಅದರ ಕೆಳಗೆ ಇನ್ನೊಂದು ಹಾಕಿದ್ದೆವು. ಒಂದು ಡೊಮೇನ್‌ಗೆ ಎಸ್‌ಪಿಎಫ್ ಒಂದೇ ಇರಬೇಕಂತ ರೀ! ಎರಡಿದ್ದರೆ ಎರಡೂ ಕೆಲಸಕ್ಕೆ ಬರುವುದಿಲ್ಲ. ಎರಡನ್ನೂ ಸೇರಿಸಿ ಒಂದೇ ಸಾಲು ಮಾಡಿದ ಮರುದಿನವೇ ಪಾಸ್ ಆಯಿತು. ಈ ಒಂದು ಮಾತು ಯಾರಾದರೂ ಮೊದಲೇ ಹೇಳಿದ್ದರೆ ಮಳೆಗಾಲದ ಎರಡು ಸಂಚಿಕೆ ಉಳಿಯುತ್ತಿದ್ದವು.

ಕೋಥ್ರೂಡ್_ಕನ್ನಡಿಗ · ಸೋಮವಾರ ಮಧ್ಯಾಹ್ನ 2:05

ಅಣ್ಣ, ಬಹಳ ಜನ ಎಡವುವ ಜಾಗ ಅದು. ಇನ್ನೊಂದು ಸೇರಿಸುತ್ತೇನೆ. ಎಸ್‌ಪಿಎಫ್ ಸಾಲಿನೊಳಗೆ "ಇವರನ್ನೂ ನೋಡು, ಅವರನ್ನೂ ನೋಡು" ಅಂತ ಸೇರಿಸುತ್ತಾ ಹೋಗಬಾರದು. ಹುಡುಕಾಟ ಹತ್ತನ್ನು ದಾಟಿದರೆ ಅದೂ ತಪ್ಪು ಅಂತಲೇ ಲೆಕ್ಕ. ಬಿಟ್ಟುಬಿಟ್ಟ ಹಳೆಯ ಸೇವೆಗಳ ಹೆಸರು ತೆಗೆದುಹಾಕಿ.

ಹಡಪ್ಸರ್_ಹುಡುಗಿ · ಸೋಮವಾರ ಸಂಜೆ 6:30

ನಾನು ಒಂದು ಅಂಗಡಿಯ ಜಾಹೀರಾತು ಮೇಲ್ ಬರೆಯುತ್ತೇನೆ. ನಮಗೆ ಹೇಳಿಕೊಟ್ಟದ್ದು ಬೇರೆ. ತಲೆಬರಹದಲ್ಲಿ "ಉಚಿತ", "ಇಂದೇ ಕೊನೆ" ಅನ್ನುವ ಪದ ಬೇಡ, ಆಶ್ಚರ್ಯಸೂಚಕ ಚಿಹ್ನೆ ಬೇಡ. ಅಕ್ಕನ ಓಲೆಯಲ್ಲಿ "ಉಚಿತ ಪ್ರವೇಶ" ಅಂತ ಇರುತ್ತದಲ್ವಾ? ಅದನ್ನು ಚಿತ್ರದೊಳಗೆ ಬರೆದು ಹಾಕಿದರೆ ಫಿಲ್ಟರ್‌ಗೆ ಕಾಣುವುದೇ ಇಲ್ಲ. ಹಾಗೆ ಮಾಡಬಹುದಲ್ಲ?

ಕೋಥ್ರೂಡ್_ಕನ್ನಡಿಗ · ಸೋಮವಾರ ಸಂಜೆ 7:10

ಬೇಡ ತಂಗಿ. ಇದನ್ನು ಸ್ವಲ್ಪ ಒತ್ತಿಯೇ ಹೇಳುತ್ತೇನೆ. ಪದಕ್ಕೆ ಅಂಕ ಕೊಡುವ ಪದ್ಧತಿ ಇದೆ, ನಿಜ. 2001ರಲ್ಲಿ ಬಂದ ಸ್ಪ್ಯಾಮ್‌ಅಸಾಸಿನ್ ಅನ್ನುವ ತಂತ್ರಾಂಶ ಈಗಲೂ ಎಷ್ಟೋ ಸರ್ವರ್‌ಗಳಲ್ಲಿ ಇದೆ. ಪ್ರತಿ ಮೇಲ್‌ಗೂ ಅಂಕ ಕೂಡಿಸುತ್ತಾ ಹೋಗುತ್ತದೆ. ಮೊತ್ತ ಐದು ಮುಟ್ಟಿದರೆ ಸ್ಪ್ಯಾಮ್. ಆದರೆ ಅದೇ ತಂತ್ರಾಂಶ ಅಕ್ಷರ ಕಡಿಮೆ ಇದ್ದು ಚಿತ್ರವೇ ತುಂಬಿದ ಮೇಲ್‌ಗೂ ಅಂಕ ಹಾಕುತ್ತದೆ. ಪದವನ್ನು ಚಿತ್ರದೊಳಗೆ ಬಚ್ಚಿಡುವುದು ಸ್ಪ್ಯಾಮ್ ಕಳಿಸುವವರ ಹಳೆಯ ವಿದ್ಯೆ. ನಾವು ಹಾಗೆ ಮಾಡಿದರೆ ಅವರ ಸಾಲಿನಲ್ಲೇ ನಿಂತಂತೆ ಆಗುತ್ತದೆ.

"ಉಚಿತ ಪ್ರವೇಶ" ಅಂತ ನೇರವಾಗಿ ಬರೆಯಿರಿ ಅಕ್ಕ. ಆ ಒಂದು ಪದದಿಂದ ಓಲೆ ಮುಳುಗುವುದಿಲ್ಲ. ಕಳಿಸುವವರು ಯಾರು ಅನ್ನುವುದು ಖಚಿತ ಆಗಬೇಕು, ಪಡೆದವರು ಅದನ್ನು ಬೇಕು ಅನ್ನಬೇಕು. ಇವತ್ತಿನ ದೊಡ್ಡ ಮೇಲ್ ಸೇವೆಗಳು ಮೊದಲು ನೋಡುವುದು ಇವೆರಡನ್ನು.

ಡೊಂಬಿವಲಿ_ಓಲೆ · ಸೋಮವಾರ ರಾತ್ರಿ 9:30

ಚಿತ್ರದ ಮಾತು ಬಂದದ್ದಕ್ಕೆ ಕೇಳುತ್ತೇನೆ. ನಮ್ಮ ಓಲೆಯ ಮೊದಲ ಎರಡು ಪುಟ ಪೂರ್ತಿ ಚಿತ್ರವೇ. ನಮ್ಮ ಸಂಪಾದಕರಿಗೆ ಎಪ್ಪತ್ತಾರು ವರ್ಷ. ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿ ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟುತ್ತಾರೆ. ಎಷ್ಟು ಚೆಂದ ಕಟ್ಟುತ್ತಾರೆ ಅಂದರೆ ನೋಡುತ್ತಾ ಕೂರಬೇಕು. ಅದನ್ನು ಮೇಲ್‌ಗೆ ಅಂಟಿಸಿದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಆಗುತ್ತದೆ. ಅದಕ್ಕೇ ಪುಟವನ್ನು ಜೆಪೆಗ್ ಮಾಡಿ ಹಾಕುತ್ತೇವೆ.

ಕೋಥ್ರೂಡ್_ಕನ್ನಡಿಗ · ಸೋಮವಾರ ರಾತ್ರಿ 10:15

ಕನ್ನಡದ ಬಹಳ ಓಲೆಗಳ ಕಥೆ ಇದೇ ಅಕ್ಕ. ಹಳೆಯ ನುಡಿ, ಬರಹ, ಶ್ರೀಲಿಪಿ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿ ಮಾಡಿದವು. ಆ ಫಾಂಟ್ ಇಲ್ಲದ ಕಡೆ ಒಳಗಿನ ಇಂಗ್ಲಿಷ್ ಹೊರಗೆ ಕಾಣುತ್ತದೆ. ಈ ಬರಹವನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಅಕ್ಷರಕ್ಕೆ, ಬದಲಿಸುವ ಸಾಧನಗಳು ಪುಕ್ಕಟೆ ಸಿಗುತ್ತವೆ. ಸಂಪಾದಕರು ತಮ್ಮ ಅಭ್ಯಾಸ ಬಿಡಬೇಕಾಗಿಲ್ಲ. ಅವರು ಟೈಪ್ ಮಾಡಿದ್ದನ್ನು ನೀವು ಬದಲಿಸಿ, ಒಮ್ಮೆ ತಿದ್ದಿ ಓದಿ ಅಷ್ಟೇ. ಅರ್ಕಾವತ್ತು, ಒತ್ತಕ್ಷರಗಳಲ್ಲಿ ತಪ್ಪು ಉಳಿದಿರಬಹುದು, ಕಣ್ಣಿಡಿ. ಅವರು ಕಟ್ಟಿದ ಚೆಂದದ ಪುಟವನ್ನು ಪಿಡಿಎಫ್ ಮಾಡಿ ಬಳಗದ ಜಾಲತಾಣದಲ್ಲಿ ಇಟ್ಟು ಕೊಂಡಿ ಕೊಡಿ. ಕೊಂಡಿಯನ್ನು ಮೊಟಕು ಮಾಡಿಕೊಡುವ ತಾಣಗಳು ಬೇಡ. ಕೆಟ್ಟ ಕೊಂಡಿ ಅಡಗಿಸಲು ಸ್ಪ್ಯಾಮ್ ಕಳಿಸುವವರೂ ಅವನ್ನೇ ಬಳಸುತ್ತಾರೆ.

ಇನ್ನೊಂದು ವಿಷಯ ಉಂಟು. ಇದು ನನಗೆ ತುಂಬಾ ಇಷ್ಟದ ಲೆಕ್ಕ. ಜಿಮೇಲ್ ಸುಮಾರು 102 ಕೆಬಿಗಿಂತ ಉದ್ದದ ಮೇಲ್ ಅನ್ನು ನಡುವೆ ಕತ್ತರಿಸಿ, "ಪೂರ್ತಿ ನೋಡಲು ಇಲ್ಲಿ ಒತ್ತಿ" ಅನ್ನುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಯೂನಿಕೋಡ್ ಅಕ್ಷರಗಳನ್ನು ಕಂಪ್ಯೂಟರ್ ಇಟ್ಟುಕೊಳ್ಳುವ ಯುಟಿಎಫ್-8 ಅನ್ನುವ ರೀತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. "ಕ್ಷ" ನಮಗೆ ಒಂದೇ ಅಕ್ಷರ. ಕಂಪ್ಯೂಟರ್‌ಗೆ ಅದು ಕ, ಅರ್ಧಾಕ್ಷರದ ಗುರುತು (್), ಷ. ಒಟ್ಟು 9 ಬೈಟ್. "ಸ್ತ್ರೀ" ಬರೆದರೆ 18 ಬೈಟ್. ಅಂದರೆ ಇಂಗ್ಲಿಷ್ ಓಲೆಗಿಂತ ಕನ್ನಡದ ಓಲೆ ಬಹಳ ಬೇಗ ಆ ಗಡಿ ಮುಟ್ಟುತ್ತದೆ. ವರ್ಡ್‌ನಿಂದ ನೇರವಾಗಿ ಅಂಟಿಸಿದರೆ ಕಾಣದ ಕಸವೆಲ್ಲ ಜೊತೆಗೆ ಬಂದು ಇನ್ನೂ ಬೇಗ. ಕತ್ತರಿಸಿದಾಗ ಮೊದಲು ಮಾಯವಾಗುವುದು ಏನು ಹೇಳಿ? ಕೊನೆಯಲ್ಲಿರುವ "ಈ ಓಲೆ ನನಗೆ ಬೇಡ" ಅನ್ನುವ ಕೊಂಡಿ.

ಮುಲುಂಡ್_ಮನೆ · ಮಂಗಳವಾರ ಬೆಳಿಗ್ಗೆ 11:00

ಎರಡು ದಿನದಿಂದ ಓದುತ್ತಿದ್ದೇನೆ. ಹೇಳಲೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ. ನಾನು ನಿಮ್ಮ ಓಲೆಗೆ ಸ್ಪ್ಯಾಮ್ ಅಂತ ಒತ್ತಿದವಳು.

ಅದು ನಮ್ಮ ಮಾವನವರ ಮೇಲ್. ಅವರು ನಿಮ್ಮ ಬಳಗದ ಕಾರ್ಯಕ್ರಮಕ್ಕೆ ಬರುತ್ತಿದ್ದರು, ಹಾಜರಿ ಪುಸ್ತಕದಲ್ಲಿ ಬರೆದಿರಬೇಕು. ಹೋದ ವರ್ಷ ತೀರಿಕೊಂಡರು. ಬ್ಯಾಂಕಿನ ಕಾಗದ ಬರುತ್ತದೆ ಅಂತ ಆ ಮೇಲ್ ನಾನು ನೋಡಿಕೊಳ್ಳುತ್ತೇನೆ. ಅವರ ಹುಟ್ಟುಹಬ್ಬದ ದಿನ ನಿಮ್ಮಿಂದ ಬಂತು. "ನೂರು ಕಾಲ ಬಾಳಿ" ಅಂತ. ಅತ್ತೆ ಪಕ್ಕದಲ್ಲೇ ಕೂತಿದ್ದರು. ಇನ್ನು ಕಳಿಸಬೇಡಿ ಅಂತ ಹೇಳುವ ಜಾಗ ಹುಡುಕಿದೆ. ಸಿಗಲಿಲ್ಲ. ಮೇಲ್‌ಗೆ ಉತ್ತರ ಬರೆದೆ. ಅದು ತಲುಪುವುದಿಲ್ಲ ಅಂತ ವಾಪಸು ಬಂತು. ಆಮೇಲೆ ಕಣ್ಣಿಗೆ ಬಿದ್ದದ್ದು ಸ್ಪ್ಯಾಮ್ ಗುಂಡಿ. ಒತ್ತಿದೆ. ಆಮೇಲೆ ಬಂದದ್ದಕ್ಕೂ ಒತ್ತಿದೆ. ಇದರಿಂದ ಬೇರೆಯವರಿಗೆ ಓಲೆ ತಪ್ಪುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಕ್ಷಮಿಸಿ.

ಡೊಂಬಿವಲಿ_ಓಲೆ · ಮಂಗಳವಾರ ಬೆಳಿಗ್ಗೆ 11:40

ಕ್ಷಮೆ ಕೇಳಬೇಕಾದವಳು ನಾನು. ನಿಮ್ಮ ಮಾವ ಯಾರು ಅಂತ ಇಲ್ಲಿ ಕೇಳುವುದಿಲ್ಲ. ವಿಳಾಸವನ್ನು ನನಗೆ ಖಾಸಗಿಯಾಗಿ ಕಳಿಸಿ, ಈಗಲೇ ತೆಗೆಯುತ್ತೇನೆ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಒಂದು ದಿನ ಮನೆಗೆ ಬಂದು ಮಾತಾಡಿಸುತ್ತೇನೆ.

ಹುಟ್ಟುಹಬ್ಬದ ಮೇಲ್ ತಾನಾಗಿ ಹೋಗುವಂತೆ ಇಟ್ಟಿದ್ದೆವು. ಅದನ್ನು ಇವತ್ತೇ ನಿಲ್ಲಿಸಿದೆ. ಆ ಮೇಲ್‌ಗೆ ಉತ್ತರ ಬರೆಯಲಾಗದ ವಿಳಾಸವನ್ನು ಯಾರು ಇಟ್ಟರು, ಯಾಕೆ ಇಟ್ಟರು ಅಂತ ನೋಡಿದರೆ ಸೇವೆಯನ್ನು ಹೊಂದಿಸುವಾಗ ನಾನೇ ತಪ್ಪಾಗಿ ತುಂಬಿದ್ದೆ.

ಕೋಥ್ರೂಡ್_ಕನ್ನಡಿಗ · ಮಂಗಳವಾರ ಮಧ್ಯಾಹ್ನ 12:30

ಮುಲುಂಡ್ ಮೇಡಂ, ನೀವು ಹೇಳಿದ್ದು ನಾನು ಇಲ್ಲಿ ಬರೆದ ಎಲ್ಲಕ್ಕಿಂತ ದೊಡ್ಡದು. ನೀವು ಮಾಡಿದ್ದು ತಪ್ಪಲ್ಲ. ಬೇರೆ ದಾರಿ ಇರಲಿಲ್ಲ.

ಅಕ್ಕ, ಉಳಿದರ್ಧ ಕಾರಣ ಇದು. ಸ್ಪ್ಯಾಮ್ ಅಂತ ಒತ್ತುವವರ ಪ್ರಮಾಣ ಶೇ 0.3 ಮುಟ್ಟಬಾರದು ಅಂತ ಗೂಗಲ್ ಹೇಳುತ್ತದೆ. ಶೇ 0.1ರ ಒಳಗಿದ್ದರೆ ಒಳ್ಳೆಯದು. ಶೇ 0.3 ಅಂದರೆ ಸಾವಿರಕ್ಕೆ ಮೂರು ಜನ. ಒಂದು ಕಟ್ಟಡದಲ್ಲಿ ಮೂರು ಮನೆ ಅಷ್ಟೇ! ಲೆಕ್ಕ ಹಾಕುವುದು ಇನ್‌ಬಾಕ್ಸ್‌ಗೆ ಹೋದ ಮೇಲ್‌ಗಳ ಮೇಲೆ. ಹಾಗಾಗಿ ಓಲೆಯೆಲ್ಲ ಸ್ಪ್ಯಾಮ್‌ಗೆ ಬೀಳಲು ಶುರುವಾದ ಮೇಲೆ ಈ ಪ್ರಮಾಣ ಕಡಿಮೆ ಕಂಡರೆ ಖುಷಿಪಡಬೇಡಿ. ಅಲ್ಲಿ ಒತ್ತುವವರೇ ಇಲ್ಲ. ಯಾರು ಒತ್ತಿದರು ಅಂತ ಜಿಮೇಲ್ ಹೆಸರು ಹೇಳುವುದೂ ಇಲ್ಲ. ಸ್ವಂತ ಡೊಮೇನ್ ಆದ ಮೇಲೆ ಗೂಗಲ್‌ನ ಪೋಸ್ಟ್‌ಮಾಸ್ಟರ್ ಟೂಲ್ಸ್‌ನಲ್ಲಿ ಅದನ್ನು ಸೇರಿಸಿದರೆ ಪ್ರಮಾಣ ಮಾತ್ರ ಕಾಣುತ್ತದೆ. ಮೇಲ್ ಸಂಖ್ಯೆ ತೀರಾ ಚಿಕ್ಕದಾದರೆ ಅದೂ ಕಾಣುವುದಿಲ್ಲ.

ಹಾಜರಿ ಪುಸ್ತಕದಲ್ಲಿ ವಿಳಾಸ ಬರೆದವರು ಕಾರ್ಯಕ್ರಮಕ್ಕೆ ಬಂದವರು. ಓಲೆ ಕೇಳಿದವರಲ್ಲ. ಬೇರೆ ಸಂಘದಿಂದ ಬಂದ ಪಟ್ಟಿಯಂತೂ ಮುಟ್ಟಲೇಬಾರದು. 2023ರ ಆಗಸ್ಟ್‌ನಲ್ಲಿ ನಮ್ಮ ದೇಶದಲ್ಲೂ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯಿದೆ ಬಂದಿದೆ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸು ಪಡೆಯುವಂತೆ ಇರಬೇಕು ಅಂತ ಅದರಲ್ಲಿದೆ.

ಹಳೆಯ ವಿಳಾಸಗಳ ಅಪಾಯ ಬೇರೆ. ಮುಚ್ಚಿಹೋದ ಕೆಲವು ವಿಳಾಸಗಳನ್ನು ಸ್ಪ್ಯಾಮ್ ಹಿಡಿಯುವವರು ಮತ್ತೆ ತೆರೆದು ಬಲೆಯ ಹಾಗೆ ಇಡುತ್ತಾರೆ. ಅಲ್ಲಿಗೆ ಮೇಲ್ ಹೋದರೆ, ಈ ಕಳಿಸುವವರು ಪಟ್ಟಿ ನೋಡಿಕೊಳ್ಳುವುದಿಲ್ಲ ಅಂತ ಅರ್ಥ. ವಿಳಾಸವೇ ಇಲ್ಲ ಅಂತ ವಾಪಸು ಬಂದದ್ದನ್ನು ಮೊದಲ ಸಲಕ್ಕೇ ತೆಗೆಯಿರಿ. ಪೆಟ್ಟಿಗೆ ತುಂಬಿದೆ ಅಂತ ಬಂದರೆ ಒಂದೆರಡು ಸಲ ಕಾಯಬಹುದು.

ವಾಸ್ಕೋ_ವಾಸಿ · ಮಂಗಳವಾರ ಮಧ್ಯಾಹ್ನ 3:10

ಹಂಗಾದರೆ ಎಲ್ಲರಿಗೂ ಒಂದು ಮೇಲ್ ಹಾಕಿ "ಬೇಕಾ, ಬೇಡವಾ" ಅಂತ ಕೇಳಿದರೆ ಮುಗೀತಲ್ಲ?

ಕೋಥ್ರೂಡ್_ಕನ್ನಡಿಗ · ಮಂಗಳವಾರ ಸಂಜೆ 5:45

ಎಲ್ಲ 1,900 ಜನಕ್ಕೆ ಆ ಮೇಲ್ ಹೋದರೆ ಅದಕ್ಕೇ ಇನ್ನಷ್ಟು ಜನ ಸ್ಪ್ಯಾಮ್ ಒತ್ತುತ್ತಾರೆ ಅಣ್ಣ. ಆರು ತಿಂಗಳಲ್ಲಿ ಒಂದು ಸಲವಾದರೂ ಕೊಂಡಿ ಒತ್ತಿದವರು, ಉತ್ತರ ಬರೆದವರು, ಇವರನ್ನು ಉಳಿಸಿಕೊಳ್ಳಿ. ಒಳಗಿನ ಚಿತ್ರ ತರಿಸಿಕೊಂಡದ್ದನ್ನು ನೋಡಿ ಹಾಕುವ, ಮೇಲ್ ತೆರೆದರು ಅನ್ನುವ ಲೆಕ್ಕ ಒಂದನ್ನೇ ನಂಬಬೇಡಿ. 2021ರಿಂದ ಆ್ಯಪಲ್‌ನ ಮೇಲ್ ಆ್ಯಪ್ ಚಿತ್ರಗಳನ್ನು ತಾನೇ ಮೊದಲೇ ತರಿಸಿಕೊಳ್ಳುತ್ತದೆ, ಓದದವರೂ ತೆರೆದಂತೆ ಕಾಣುತ್ತಾರೆ. ಉಳಿದವರನ್ನು ವಾಟ್ಸ್‌ಆ್ಯಪ್‌ನಲ್ಲೋ ಫೋನ್‌ನಲ್ಲೋ ಕೇಳುವುದು ಒಳ್ಳೆಯದು. ಹೊಸದಾಗಿ ಸೇರುವವರಿಗೆ ಒಂದು ಖಚಿತಪಡಿಸುವ ಮೇಲ್ ಹೋಗಲಿ. ಅದರಲ್ಲಿರುವ ಕೊಂಡಿ ಒತ್ತಿದರೆ ಮಾತ್ರ ಪಟ್ಟಿಗೆ ಬರಲಿ. ಕೈಬರಹದಲ್ಲಿ ಒಂದು ಅಕ್ಷರ ತಪ್ಪಿ ಬೇರೆ ಯಾರಿಗೋ ಹೋಗುವುದೂ ಇದರಿಂದ ತಪ್ಪುತ್ತದೆ.

"ಬೇಡ" ಅನ್ನುವ ಕೊಂಡಿಯನ್ನು ಕನ್ನಡದಲ್ಲೇ, ದೊಡ್ಡದಾಗಿ, ಓಲೆಯ ಮೇಲುಗಡೆಯೂ ಹಾಕಿ. ಇದಲ್ಲದೆ ಮೇಲ್‌ನ ತಲೆಭಾಗದಲ್ಲಿ, ಅಂದರೆ ಓದುವವರಿಗೆ ಕಾಣದ ಹೆಡರ್‌ನಲ್ಲಿ, ಒಂದೇ ಒತ್ತಿಗೆ ಪಟ್ಟಿ ಬಿಡುವ ಸೌಲಭ್ಯ ಇರಬೇಕು. ದಿನಕ್ಕೆ 5,000 ಜಿಮೇಲ್ ವಿಳಾಸಕ್ಕೆ ಕಳಿಸುವವರಿಗೆ ಇದು ಕಡ್ಡಾಯ. ಕೇಳಿದವರನ್ನು ಎರಡು ದಿನದೊಳಗೆ ಬಿಡಬೇಕು. ನೀವು ಅಷ್ಟು ದೊಡ್ಡವರಲ್ಲ. ಆದರೂ ಇಟ್ಟುಕೊಳ್ಳಿ. ಆಗ ಜಿಮೇಲ್ ತಾನೇ ಕಳಿಸಿದವರ ಹೆಸರಿನ ಹತ್ತಿರ ಬಿಡುವ ಗುಂಡಿ ತೋರಿಸಬಹುದು. ಮುಲುಂಡ್ ಮೇಡಂಗೆ ಅವತ್ತು ಅದು ಕಂಡಿದ್ದರೆ ಸ್ಪ್ಯಾಮ್ ಗುಂಡಿಗೆ ಕೈ ಹೋಗುತ್ತಿರಲಿಲ್ಲ.

ಹಡಪ್ಸರ್_ಹುಡುಗಿ · ಮಂಗಳವಾರ ರಾತ್ರಿ 8:20

ನಮ್ಮಲ್ಲಿ ಪಟ್ಟಿ ಚಿಕ್ಕದಾದರೆ ಮೇಲಿನವರಿಗೆ ಬೇಸರ. ಆದರೆ ಮುಲುಂಡ್ ಮೇಡಂ ಬರೆದದ್ದು ಓದಿದ ಮೇಲೆ ನಾಳೆ ಅವರ ಹತ್ತಿರ ಮಾತಾಡುತ್ತೇನೆ. ಚಿತ್ರದ ಉಪಾಯ ಹೇಳಿದ್ದು ವಾಪಸು ತೆಗೆದುಕೊಳ್ಳುತ್ತೇನೆ.

ಮಾಟುಂಗಾ_ಹಿರಿಯ · ಬುಧವಾರ ಬೆಳಿಗ್ಗೆ 6:10

ಡೊಂಬಿವಲಿಯ ತಂಗಿಗೆ ಆಶೀರ್ವಾದ. ನಾನು ನಿಮ್ಮ ಓಲೆಯ ಓದುಗ. ಮೂರು ಸಲ ಬರದಿದ್ದಾಗ ನಿಲ್ಲಿಸಿದಿರೋ ಏನೋ ಅಂದುಕೊಂಡು ಸುಮ್ಮನಾದೆ. ಈಗ ಹುಡುಕಿದರೆ ಸ್ಪ್ಯಾಮ್‌ನಲ್ಲಿ ಒಂದೇ ಇದೆ. ಉಳಿದವು ಎಲ್ಲಿ ಹೋದವು? ಓದುವವರು ನಮ್ಮ ಕಡೆಯಿಂದ ಏನು ಮಾಡಬೇಕು ಅಂತ ಒಂದಿಷ್ಟು ಹೇಳಿ.

ಕೋಥ್ರೂಡ್_ಕನ್ನಡಿಗ · ಬುಧವಾರ ಬೆಳಿಗ್ಗೆ 8:00

ನಮಸ್ಕಾರ ಸರ್. ಸ್ಪ್ಯಾಮ್‌ನಲ್ಲಿ ಬಿದ್ದದ್ದನ್ನು ಜಿಮೇಲ್ 30 ದಿನಕ್ಕೆ ಅಳಿಸಿಬಿಡುತ್ತದೆ, ಅದಕ್ಕೇ ಹಳೆಯವು ಇಲ್ಲ. ಉಳಿದ ಒಂದನ್ನು ತೆರೆದು "ಇದು ಸ್ಪ್ಯಾಮ್ ಅಲ್ಲ" ಅಂತ ಒತ್ತಿ. ಆ ವಿಳಾಸವನ್ನು ನಿಮ್ಮ ಸಂಪರ್ಕಗಳಿಗೆ ಸೇರಿಸಿ. ಆಮೇಲೆ ಓಲೆಗೆ ಒಂದು ಸಾಲಿನ ಉತ್ತರ ಬರೆಯಿರಿ, ಚೆನ್ನಾಗಿದೆ ಅಂತಲೋ ಇದು ತಪ್ಪಿದೆ ಅಂತಲೋ. ಓದುಗರು ಉತ್ತರ ಬರೆಯುವ ಮೇಲ್‌ಗೆ ಬೆಲೆ ಜಾಸ್ತಿ. ಕಂಪ್ಯೂಟರ್ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಆ ವಿಳಾಸಕ್ಕೆ ಒಂದು ಫಿಲ್ಟರ್ ಮಾಡಿ "ಎಂದಿಗೂ ಸ್ಪ್ಯಾಮ್‌ಗೆ ಕಳಿಸಬೇಡ" ಅಂತ ಗುರುತು ಹಾಕಬಹುದು.

ಅಕ್ಕ ಹೊಸ ಡೊಮೇನ್‌ಗೆ ಹೋದ ಮೇಲೆ ವಿಳಾಸ ಬದಲಾಗುತ್ತದೆ. ಆಗ ಇನ್ನೊಮ್ಮೆ ಮಾಡಬೇಕು ಸರ್.

ಡೊಂಬಿವಲಿ_ಓಲೆ · ನಾಲ್ಕು ವಾರದ ನಂತರ, ಶನಿವಾರ ಸಂಜೆ 5:30

ಎಲ್ಲರಿಗೂ ಏನಾಯಿತು ಅಂತ ಹೇಳಲು ಬಂದೆ.

ಡೊಮೇನ್ ತೆಗೆದುಕೊಂಡೆವು. ಅಲ್ಲಿ ತಾನಾಗಿ ಕೂತಿದ್ದ ಎಸ್‌ಪಿಎಫ್ ಸಾಲು ನಮ್ಮಲ್ಲೂ ಇತ್ತು! ವಾಸ್ಕೋದ ಅಣ್ಣ ಹೇಳದಿದ್ದರೆ ನಾವೂ ಎರಡನೆಯದು ಹಾಕುತ್ತಿದ್ದೆವು. ಡಿಕಿಮ್, ಡಿಮಾರ್ಕ್ ಹಾಕಲು ನಮ್ಮ ಬಳಗದ ಕಾಲೇಜು ಹುಡುಗನೊಬ್ಬ ಒಂದು ಸಂಜೆ ಕೂತ. ಈಗ ಮೂರೂ ಸಾಲು ಪಾಸ್.

ಜಾಸ್ತಿ ಸಮಯ ತೆಗೆದುಕೊಂಡದ್ದು ಪಟ್ಟಿ. ಬೇರೆ ಸಂಘದಿಂದ ಬಂದ ವಿಳಾಸ ಪೂರ್ತಿ ತೆಗೆದೆವು. ಉಳಿದವರಿಗೆ ನಾವು ಆರು ಹೆಂಗಸರು ಹಂಚಿಕೊಂಡು ಫೋನ್ ಮಾಡಿದೆವು. ಮಧ್ಯಾಹ್ನ ಎರಡರಿಂದ ನಾಲ್ಕು, ಮೂರು ವಾರ. ಎಷ್ಟು ಮಾತು ಸಿಕ್ಕಿತು ಗೊತ್ತಾ! ಕಲ್ಯಾಣದ ಒಬ್ಬರು ಊರಿಗೆ ಹೋಗಿ ನೆಲೆಸಿದ್ದಾರೆ, ಆದರೂ ಓಲೆ ಬೇಕೇ ಬೇಕಂತೆ, ಮುಂಬೈ ಸುದ್ದಿ ಓದದಿದ್ದರೆ ಸಮಾಧಾನ ಇಲ್ಲವಂತೆ. ಒಬ್ಬರಿಗೆ ಈಗ ಕಣ್ಣು ಕಾಣುವುದಿಲ್ಲ, ಸೊಸೆ ಓದಿ ಹೇಳುತ್ತಾಳೆ. ಬೇಡ ಅಂದವರೂ ಪ್ರೀತಿಯಿಂದಲೇ ಹೇಳಿದರು. ತೀರಿಕೊಂಡವರ ಹೆಸರು ಹನ್ನೊಂದು ಇದ್ದವು. ಅವರ ಮನೆಯವರ ಹತ್ತಿರ ಮಾತಾಡಿದೆವು. ಮುಲುಂಡ್‌ಗೂ ಹೋಗಿ ಬಂದೆ.

ಈಗ ಪಟ್ಟಿಯಲ್ಲಿ 640 ಜನ. ಹೊಸ ಡೊಮೇನ್ ಅಂತ ಒಂದೇ ಸಲ ಕಳಿಸಲಿಲ್ಲ. ಮೊದಲ ದಿನ ಯಾವಾಗಲೂ ಉತ್ತರ ಬರೆಯುವ ಐವತ್ತು ಜನಕ್ಕೆ, ಮರುದಿನ ನೂರಕ್ಕೆ, ಹೀಗೆ ಐದು ದಿನದಲ್ಲಿ ಮುಗಿಸಿದೆವು. ಸಂಪಾದಕರ ಬರಹ ಯೂನಿಕೋಡ್‌ಗೆ ಬಂತು. ಅವರಿಗೆ ಮೊದಲು ಸ್ವಲ್ಪ ನೋವಾಯಿತು. ಆಮೇಲೆ ಕಣ್ಣು ಕಾಣದ ಆ ಹಿರಿಯರ ಫೋನ್ ಓಲೆಯನ್ನು ತಾನೇ ಗಟ್ಟಿಯಾಗಿ ಓದಿತು ಅಂತ ಸೊಸೆ ತಿಳಿಸಿದಳು. ಚಿತ್ರದಲ್ಲಿದ್ದಾಗ ಅದು ಆಗುತ್ತಿರಲಿಲ್ಲ. ಅದನ್ನು ಕೇಳಿ ನಮ್ಮ ಸಂಪಾದಕರು ಹಿಂದಿನ ಹತ್ತು ಸಂಚಿಕೆಗಳನ್ನೂ ಬದಲಿಸೋಣ ಅಂದಿದ್ದಾರೆ.

ಒಂದು ತೊಂದರೆ ಉಳಿದಿದೆ. ಆಫೀಸಿನ ವಿಳಾಸ ಕೊಟ್ಟ ನಲವತ್ತು ಜನರಲ್ಲಿ ಕೆಲವರಿಗೆ ಹೋಗುತ್ತಿಲ್ಲ. ಒಂದಿಬ್ಬರು ತಾವು ಒತ್ತದೆಯೇ ಪಟ್ಟಿಯಿಂದ ಬಿಟ್ಟುಹೋಗಿದ್ದಾರೆ.

ಕೋಥ್ರೂಡ್_ಕನ್ನಡಿಗ · ಶನಿವಾರ ರಾತ್ರಿ 9:00

ಓದಿ ಮನಸ್ಸು ತುಂಬಿತು ಅಕ್ಕ. ಫೋನ್ ಮಾಡಿ ಪಟ್ಟಿ ಶುದ್ಧ ಮಾಡಿದವರನ್ನು ನಾನು ಇಷ್ಟು ವರ್ಷದಲ್ಲಿ ನೋಡಿಲ್ಲ.

ತಾನಾಗಿ ಬಿಟ್ಟುಹೋದವರ ಕಾರಣ ಹೇಳುತ್ತೇನೆ. ಕೆಲವು ಆಫೀಸುಗಳ ಭದ್ರತಾ ತಂತ್ರಾಂಶ ಮೇಲ್‌ನಲ್ಲಿರುವ ಪ್ರತಿ ಕೊಂಡಿಯನ್ನೂ ತಾನೇ ತೆರೆದು ಪರೀಕ್ಷಿಸುತ್ತದೆ. "ಬೇಡ" ಕೊಂಡಿಯನ್ನೂ ತೆರೆಯುತ್ತದೆ. ಹಾಗಾಗಿ ಆ ಕೊಂಡಿ ತೆರೆದ ತಕ್ಷಣ ಬಿಡಬಾರದು. ಪುಟದಲ್ಲಿ "ಖಂಡಿತ ಬೇಡ" ಅನ್ನುವ ಇನ್ನೊಂದು ಗುಂಡಿ ಇರಲಿ. ತಲೆಭಾಗದ ಒಂದೇ ಒತ್ತಿನ ಸೌಲಭ್ಯ ಬೇರೆ ರೀತಿ ಕೆಲಸ ಮಾಡುತ್ತದೆ, ಅದಕ್ಕೆ ಈ ತೊಂದರೆ ಇಲ್ಲ. ಇನ್ನು ಆಫೀಸಿನ ಸರ್ವರ್‌ನಲ್ಲಿ ಯಾವ ಭಾಷೆಯ ಮೇಲ್ ಬರಬಹುದು ಅಂತಲೂ ಹೊಂದಿಸಲು ಬರುತ್ತದೆ. ಬೇರೆ ಭಾಷೆಗೆ ಅಂಕ ಸೇರುತ್ತದೆ. ಅಲ್ಲಿ ನಮ್ಮ ಕೈಯಲ್ಲಿ ಏನೂ ಇಲ್ಲ. ಅವರಿಂದ ಮನೆಯ ವಿಳಾಸ ಕೇಳಿ ಪಡೆಯುವುದೇ ಸರಿ.

ವಾಸ್ಕೋ_ವಾಸಿ · ಶನಿವಾರ ರಾತ್ರಿ 9:25

ಅಕ್ಕಾರ, ನಮ್ಮ ಪಟ್ಟಿಗೂ ಮುಂದಿನ ವಾರದಿಂದ ಫೋನ್ ಶುರು ಮಾಡುತ್ತೇವೆ. ನೀವು ಫೋನ್‌ನಲ್ಲಿ ಮೊದಲು ಏನು ಕೇಳಿದಿರಿ, ಆ ನಾಲ್ಕು ಸಾಲು ಕಳಿಸ್ರಿ.

ಮಾಟುಂಗಾ_ಹಿರಿಯ · ಭಾನುವಾರ ಬೆಳಿಗ್ಗೆ 6:20

ತಂಗೀ, ಓಲೆ ಬಂತು. ಆದರೆ "ಪ್ರಮೋಷನ್ಸ್" ಅನ್ನುವ ಕಡೆ ಕೂತಿದೆ. ಇದು ಸ್ಪ್ಯಾಮ್ ಅಲ್ಲವಷ್ಟೇ?

ಕೋಥ್ರೂಡ್_ಕನ್ನಡಿಗ · ಭಾನುವಾರ ಬೆಳಿಗ್ಗೆ 7:45

ಅಲ್ಲ ಸರ್. ಅದೂ ಇನ್‌ಬಾಕ್ಸ್‌ನ ಒಂದು ಭಾಗವೇ. ಓಲೆಯನ್ನು ಎಳೆದು "ಪ್ರೈಮರಿ"ಗೆ ಹಾಕಿ. ಮುಂದೆಯೂ ಹೀಗೇ ಮಾಡಲಾ ಅಂತ ಕೇಳಿದರೆ ಹೌದು ಅನ್ನಿ.

ಮಾಟುಂಗಾ_ಹಿರಿಯ · ಭಾನುವಾರ ಬೆಳಿಗ್ಗೆ 8:05

ಹಾಕಿದೆ. ಮುಂದಿನ ತಿಂಗಳು ಅದೇ ಭಾಗವತರು ಮತ್ತೆ ಬರುತ್ತಾರೆ ಅಂತ ಮೂರನೆಯ ಸುದ್ದಿಯಲ್ಲಿ ಓದಿದೆ. ನಮ್ಮ ಕಟ್ಟಡದಿಂದ ಐದು ಜನ ಬರುತ್ತೇವೆ. ಡೊಂಬಿವಲಿ ಸ್ಟೇಷನ್‌ನಿಂದ ಸಭಾಂಗಣಕ್ಕೆ ನಡೆಯಬಹುದೇ, ರಿಕ್ಷಾ ಬೇಕೇ? ಓಲೆಗೇ ಉತ್ತರ ಬರೆದಿದ್ದೇನೆ, ನೋಡಿ.